ಉಂಗುರದೊಳಗೆ ಕುಳಿತ ರಂಜಕ

ನಮ್ಮ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಒತ್ತಾಯಿಸಿದರು. ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಈ ಪುಟಗಳಲ್ಲಿ ಹಳೆಯ ಸಾಲವೊಂದನ್ನು ತೀರಿಸಬಯಸುತ್ತೇನೆ.

ಒಂದು ಮಳೆಗಾಲದ ಮಧ್ಯಾಹ್ನ ಏಳನೆಯ ತರಗತಿಯಲ್ಲಿ, ಪಾಠದಲ್ಲಿ ಇಲ್ಲದಿದ್ದರೂ, ಬೆಂಜೀನಿನ ಕಥೆಯನ್ನು ಹೇಳುತ್ತಿದ್ದೆ. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ಉಂಗುರವಾಗಿ ನಿಂತಿವೆಯೆಂದು ಜರ್ಮನ್ ವಿಜ್ಞಾನಿ ಕೆಕುಲೆ 1865ರಲ್ಲಿ ಪ್ರತಿಪಾದಿಸಿದ ಕಥೆಯದು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಮಾಸ್ತರೇ, ಆರೂ ಇಂಗಾಲವೇ ಆಗಬೇಕೆಂದುಂಟೋ? ಒಂದರ ಜಾಗದಲ್ಲಿ ಬೇರೆಯದು ಕುಳಿತರೆ?”

“ನಾಳೆ ಹೇಳುತ್ತೇನೆ” ಎಂದೆ. ಆ ನಾಳೆ ಬರಲೇ ಇಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಶಿಕ್ಷಕ ತರಬೇತಿ ಪಡೆದ ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ.

ನಿವೃತ್ತನಾದ ಬಳಿಕ ನನ್ನ ಶ್ರೀಮತಿಗೆ ಅರ್ಬುದ ರೋಗ ಕಾಣಿಸಿಕೊಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಆಕೆಯ ಹಾಸಿಗೆಯ ಬಳಿ ಕುಳಿತು ಔಷಧದ ಜೊತೆಗಿದ್ದ ಕಾಗದವನ್ನು ಬಿಡಿಸಿದರೆ, ಅಲ್ಲೊಂದು ಆರು ಮೂಲೆಯ ಉಂಗುರದ ಚಿತ್ರ! ಒಂದು ಮೂಲೆಯಲ್ಲಿ ಇಂಗಾಲವಿರಲಿಲ್ಲ, ರಂಜಕವಿತ್ತು. ಹುಡುಗನ ಪ್ರಶ್ನೆ ಥಟ್ಟನೆ ನೆನಪಾಯಿತು. ಕಾಲೇಜಿನಲ್ಲಿ ರಸಾಯನ ಶಾಸ್ತ್ರವನ್ನು ಬೋಧಿಸುತ್ತಿರುವ ನಮ್ಮ ಶಾಲೆಯದೇ ಹಳೆ ವಿದ್ಯಾರ್ಥಿನಿಯೊಬ್ಬಳು ರಜೆಯಲ್ಲಿ ಬಂದಾಗ ಅವಳ ಮುಂದೆ ನಾನು ವಿದ್ಯಾರ್ಥಿಯಾಗಿ ಕುಳಿತೆ. ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಇಂಗಾಲದ ಉಂಗುರದಲ್ಲಿ ಅನ್ಯ ಧಾತುವಿನ ಪರಮಾಣು ಸೇರಿಕೊಂಡರೆ ಅದನ್ನು ವಿಷಮ ವಲಯ ಸಂಯುಕ್ತವೆನ್ನಬಹುದು. ಸಾರಜನಕ ಸೇರಿದರೆ ಪಿರಿಡೀನ್. ನಿಯಾಸಿನ್ ಎಂಬ ಜೀವಸತ್ವದಲ್ಲಿರುವುದು ಈ ಉಂಗುರವೇ. ಆವರ್ತ ಕೋಷ್ಟಕದಲ್ಲಿ ಸಾರಜನಕದ ನೇರ ಕೆಳಗಿನ ಮನೆ ರಂಜಕದ್ದು. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕುದಿಸಿ ಕಂಡುಕೊಂಡ ಈ ಧಾತುವಿನ ಕೆಂಪು ರೂಪವು ನಮ್ಮ ಬೆಂಕಿಪೆಟ್ಟಿಗೆಯ ಬದಿಯ ಪಟ್ಟಿಯಲ್ಲಿದೆ.

ನೆರೆಮನೆಯವನಾದರೂ ರಂಜಕದ ಪರಮಾಣು ಗಾತ್ರದಲ್ಲಿ ದೊಡ್ಡದು. ಇಂಗಾಲದೊಡನೆ ಅದು ಸ್ಥಿರವಾದ ದ್ವಿಬಂಧವನ್ನು ಏರ್ಪಡಿಸಲಾರದೆಂದು ಬಹುಕಾಲ ನಂಬಲಾಗಿತ್ತು. 1966ರಲ್ಲಿ ಜರ್ಮನಿಯ ಮಾರ್ಕ್ಲ್ ಎಂಬವರು ರಂಜಕವಿರುವ ಬೆಂಜೀನ್ ಮಾದರಿಯ ಉಂಗುರವನ್ನು ತಯಾರಿಸಿದರು. ಅದಕ್ಕೆ ರಕ್ಷಣೆಯಾಗಿ ಮೂರು ದೊಡ್ಡ ಫಿನೈಲ್ ಗುಂಪುಗಳಿದ್ದವು. ಆ ರಕ್ಷಣೆಯಿಲ್ಲದ ಸರಳ ಉಂಗುರವನ್ನು 1971ರಲ್ಲಿ ಅಮೆರಿಕದ ಆಶ್ ಸಾಧಿಸಿದರು. ಇದೇ ಫಾಸ್ಫಿನೀನ್. ಬೆಂಜೀನಿನಲ್ಲಿ ಎರಡು ಇಂಗಾಲಗಳ ನಡುವಿನ ಅಂತರ 1.39 ಆಂಗ್‌ಸ್ಟ್ರಾಮ್ ಆದರೆ ಇಲ್ಲಿ ಇಂಗಾಲ–ರಂಜಕಗಳ ಅಂತರ ಸುಮಾರು 1.73. ವೃತ್ತವಾಗಿ ನಿಂತ ಮಕ್ಕಳಲ್ಲಿ ಒಬ್ಬನ ತೋಳು ಮಾತ್ರ ಉದ್ದವಾದಂತೆ ಉಂಗುರವು ಒಂದು ಕಡೆಗೆ ಚಾಚಿಕೊಂಡಿದೆ. ಆದರೂ ಸಮತಲವಾಗಿಯೇ ಇದೆ.

ಇನ್ನು ಲೋಹಗಳ ಸಖ್ಯ. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಮೈಲುತುತ್ತು ನಮಗೆಲ್ಲ ಪರಿಚಿತ. ಅದರ ನೀರಿಗೆ ಅಮೋನಿಯಾ ದ್ರಾವಣವನ್ನು ಧಾರಾಳವಾಗಿ ಸೇರಿಸಿದರೆ ತಿಳಿನೀಲಿ ಬಣ್ಣ ಕಡುನೀಲಿಯಾಗುತ್ತದೆ. ಅಮೋನಿಯಾದ ಸಾರಜನಕವು ತನ್ನಲ್ಲಿರುವ ಎಲೆಕ್ಟ್ರಾನ್ ಜೋಡಿಯನ್ನು ತಾಮ್ರಕ್ಕೆ ನೀಡಿ ಅದನ್ನು ಹಿಡಿದುಕೊಳ್ಳುತ್ತದೆ. ಹೀಗಾದುದೇ ಲೋಹ ಸಂಕೀರ್ಣ. ಪಿರಿಡೀನ್ ಸಹ ಇಂತಹ ಉದಾರಿ. ಫಾಸ್ಫಿನೀನಿನ ಸ್ವಭಾವ ಬೇರೆ: ಕೊಡುವುದರಲ್ಲಿ ಕೊಂಚ ಜಿಪುಣ, ಲೋಹವು ಮರಳಿಸುವ ಎಲೆಕ್ಟ್ರಾನುಗಳನ್ನು ಸ್ವೀಕರಿಸುವುದರಲ್ಲಿ ಚತುರ. ಆದುದರಿಂದ ಎಲೆಕ್ಟ್ರಾನ್ ಸಂಪನ್ನವಾದ ಲೋಹಗಳೊಡನೆ ಅದರ ಸಂಬಂಧ ಚೆನ್ನಾಗಿ ಕೂಡುತ್ತದೆ. ಒಂದು ನಿಕ್ಕೆಲ್ ಪರಮಾಣುವಿನ ಸುತ್ತ ನಾಲ್ಕು ಫಾಸ್ಫಿನೀನ್‌ಗಳು ಕುಳಿತ ಸಂಕೀರ್ಣ 1992ರಲ್ಲಿ ವರದಿಯಾಯಿತು. ಕೆಲವೊಮ್ಮೆ ರಂಜಕದ ಮೂಲಕವಲ್ಲದೆ ಇಡೀ ಉಂಗುರವೇ ಲೋಹದ ಮೇಲೆ ಮುಚ್ಚಳದಂತೆ ಮಲಗುವುದೂ ಉಂಟು. 1977ರಲ್ಲಿ ಫ್ರಾನ್ಸಿನ ಮಾಥೆ ರಂಜಕವಿರುವ ಐದು ಮೂಲೆಯ ಉಂಗುರವನ್ನು ಕಬ್ಬಿಣದೊಡನೆ ಹೀಗೆ ಜೋಡಿಸಿದರು. 1990ರ ದಶಕದಲ್ಲಿ ಜರ್ಮನಿಯ ಬ್ರೈಟ್, ರೋಡಿಯಂ ಎಂಬ ದುಬಾರಿ ಲೋಹದೊಡನೆ ಫಾಸ್ಫಿನೀನ್ ಸೇರಿದರೆ ಅದು ಆಲ್ಡಿಹೈಡುಗಳ ತಯಾರಿಕೆಗೆ ಬಹು ಚುರುಕಾದ ಕ್ರಿಯಾವರ್ಧಕವಾಗುವುದೆಂದು ತೋರಿಸಿದರು.

ಆಸ್ಪತ್ರೆಯಲ್ಲಿ ನಾನು ಕಂಡ ಉಂಗುರ ಮಾತ್ರ ಬೇರೆ ಕುಲದ್ದು. ಸೈಕ್ಲೋಫಾಸ್ಫಮೈಡ್ ಎಂಬ ಆ ಔಷಧವು 1950ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡಿತು. ಅದರ ಉಂಗುರದಲ್ಲಿ ಮೂರು ಇಂಗಾಲ, ಒಂದು ಸಾರಜನಕ, ಒಂದು ಆಮ್ಲಜನಕ ಮತ್ತು ರಂಜಕ. ಇಲ್ಲಿ ರಂಜಕದ ಎಲೆಕ್ಟ್ರಾನುಗಳೆಲ್ಲ ಬಂಧಗಳಲ್ಲಿ ತೊಡಗಿರುವುದರಿಂದ ಅದು ಫಾಸ್ಫಿನೀನಿನಂತೆ ಲೋಹವನ್ನು ಹಿಡಿಯಲಾರದು. ಅದರ ಕೆಲಸವೇ ಬೇರೆ. ದೇಹವನ್ನು ಸೇರುವಾಗ ಅದು ನಿದ್ರಿಸುವ ಔಷಧ. ಯಕೃತ್ತು ಅದನ್ನು ಎಚ್ಚರಿಸುತ್ತದೆ. ಬಳಿಕ ಉಂಗುರ ಒಡೆದು, ಹುಟ್ಟುವ ಒಂದು ಚೂರು ಜೀವಕೋಶಗಳ ಡಿ.ಎನ್.ಎ. ಎಳೆಗಳನ್ನು ಒಂದಕ್ಕೊಂದು ಬಿಗಿದು ಅವು ವೃದ್ಧಿಸದಂತೆ ತಡೆಯುತ್ತದೆ. ಇನ್ನೊಂದು ಚೂರು ಮೂತ್ರಕೋಶವನ್ನು ಉರಿಸುತ್ತದೆ. ಆಕೆಗೆ ಗಂಟೆಗೊಮ್ಮೆ ನೀರು ಕುಡಿಸಿರೆಂದು ದಾದಿಯರು ಏಕೆ ಹೇಳುತ್ತಿದ್ದರೆಂಬುದು ನನಗೆ ಆಗ ಅರ್ಥವಾಯಿತು.

ನಮ್ಮ ಜಿಲ್ಲೆಯವರಿಗೆ ‘ರಾಸಾಯನಿಕ’ವೆಂದರೆ ಎಂಡೋಸಲ್ಫಾನ್ ನೆನಪಾಗುತ್ತದೆ. 2000ದವರೆಗೆ ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಆ ವಿಷದ ಅಣುವಿನಲ್ಲಿಯೂ ಗಂಧಕವಿರುವ ಒಂದು ವಿಷಮ ವಲಯವಿದೆ. ಉಂಗುರ ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಅದರಲ್ಲಿ ಯಾರು ಕುಳಿತಿದ್ದಾರೆ, ಅದನ್ನು ನಾವೆಲ್ಲಿ ಬಳಸುತ್ತೇವೆ ಎಂಬುದನ್ನು ವಿಚಾರಿಸಬೇಕು. ಅದನ್ನೇ ಆ ಹುಡುಗ ಅಚ್ಚಗನ್ನಡದಲ್ಲಿ ಕೇಳಿದ್ದ.

ಶ್ರೀಮತಿ ಇಂದು ಆರೋಗ್ಯದಿಂದಿದ್ದಾಳೆ. ಹುಡುಗ ಗಲ್ಫಿನಲ್ಲಿದ್ದಾನೆಂದು ಕೇಳಿದ್ದೇನೆ. ಈ ಸಂಚಿಕೆ ಅವನ ಕೈ ಸೇರಿದರೆ, ಮಾಸ್ತರರ ‘ನಾಳೆ’ ತಡವಾಗಿಯಾದರೂ ಬಂದಿತೆಂದು ತಿಳಿಯಲಿ.