ಒಂದು ವರ್ಷದ ಪರದೇಶಿ ಮೇಷ್ಟ್ರು

"ಅಪ್ಪಾ, ಒಂದ್ ವರ್ಷ ಪರದೇಶಕ್ಕ ಹೋಗಿ ಇಂಗ್ಲಿಷ್ ಕಲಿಸಿ ಬರ್ತೀನಿ" ಎಂದು ಪದವಿ ಮುಗಿಸಿದ ಮಗಳು ಕೇಳಿದರೆ, ಕಲಬುರ್ಗಿಗೆ ಹೊಂದಿಕೊಂಡ ಶರಣಸಿರಸಗಿಯ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. "ನಮ್ಮ ಇಂಗ್ಲಿಷ್ ಅಲ್ಲಿ ನಡೀತದೇನವ್ವಾ?" "ಕರ್ಕೊಂಡು ಹೋಗೋರು ಯಾರು?" ಎರಡೂ ಕೇಳಲೇಬೇಕಾದ ಪ್ರಶ್ನೆಗಳು.

ಮೊದಲನೆಯದಕ್ಕೆ ಹೆದರಬೇಕಿಲ್ಲ. ಕನ್ನಡದಂತೆ ಜಪಾನಿ, ಕೊರಿಯನ್ ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಎ', 'ದಿ'ಗಳಂಥ ಪದಗಳು ಅಲ್ಲೂ ಇಲ್ಲ. ಕನ್ನಡದ ಹುಡುಗಿ ಇಂಗ್ಲಿಷಿನಲ್ಲಿ ಎಡವಿದ ಜಾಗದಲ್ಲೇ ಅಲ್ಲಿಯ ಮಕ್ಕಳೂ ಎಡವುತ್ತಾರೆ. ಎಡವಿ ಕಲಿತವರಿಗೆ ಕಲಿಸುವ ದಾರಿ ಗೊತ್ತಿರುತ್ತದೆ. ಭಾರತೀಯ ಶಿಕ್ಷಕರು ಹೊರಗೆ ಹೋಗುವುದು ಹೊಸತೂ ಅಲ್ಲ. 1950–60ರ ದಶಕಗಳಲ್ಲಿ ಇಥಿಯೋಪಿಯಾದ ಶಾಲೆಗಳಲ್ಲಿ ಪಾಠ ಹೇಳಿದ ಭಾರತೀಯರು ಅನೇಕರು.

ಆದರೆ ಕಾನೂನಿನ ಬಾಗಿಲು ಕಿರಿದು. ದಕ್ಷಿಣ ಕೊರಿಯಾ ಇಂಗ್ಲಿಷ್ ಬೋಧನೆಯ ವೀಸಾವನ್ನು ಮುಖ್ಯವಾಗಿ ಅಮೆರಿಕ, ಬ್ರಿಟನ್ ಮೊದಲಾದ 7 ದೇಶದವರಿಗೆ ಕೊಡುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ನಮ್ಮವರಿಗೂ ಅವಕಾಶ ತೆರೆಯಿತು. ಆದರೆ ಬರಿಯ ಪದವಿ ಸಾಲದು, ಶಿಕ್ಷಕ ವೃತ್ತಿಯ ಅರ್ಹತೆಯೂ ಬೇಕು. ಇಲ್ಲಿ ಬಿ.ಎಡ್.ಗೆ ಬೆಲೆ ಬರುತ್ತದೆ. ಜಪಾನ್ ಸರ್ಕಾರ 1987ರಲ್ಲಿ ಆರಂಭಿಸಿದ 'ಜೆಟ್' ಯೋಜನೆಯಲ್ಲಿ ಪದವೀಧರರು ಅಲ್ಲಿಯ ಶಿಕ್ಷಕರ ಜೊತೆ ಸಹಾಯಕರಾಗಿ ಪಾಠ ಮಾಡುತ್ತಾರೆ. ಕರಾರು ಒಂದು ವರ್ಷದ್ದು. ಗರಿಷ್ಠ 5 ವರ್ಷದವರೆಗೆ ಮುಂದುವರಿಸಬಹುದು. ಆದರೆ ಅದರಲ್ಲಿ ಅಮೆರಿಕದವರೇ ಹೆಚ್ಚು.

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ಭದ್ರತಾ ಕೆಲಸದ ಆಸೆಯಿಂದ ರಷ್ಯಾಕ್ಕೆ ಹೋದ ಕಲಬುರ್ಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿ, 2024ರಲ್ಲಿ ಊರಿಗೆ ಮರಳಿದ್ದನ್ನು ಇಲ್ಲಿಯ ತಂದೆತಾಯಿ ಮರೆತಿಲ್ಲ. ಆದ್ದರಿಂದ ಏಜೆಂಟ್ ಸರ್ಕಾರದಲ್ಲಿ ನೋಂದಾಯಿತನೇ ಎಂದು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್'ನಲ್ಲಿ ನೋಡಿಕೊಳ್ಳಬೇಕು. "ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಆಮೇಲೆ ನೋಡೋಣ" ಎನ್ನುವವರನ್ನು ಹೊಸ್ತಿಲಿನಿಂದಲೇ ಕಳಿಸಬೇಕು. ಆ ವೀಸಾದಲ್ಲಿ ಸಂಬಳಕ್ಕೆ ದುಡಿಯುವುದು ಅಪರಾಧ. ಸಂಬಳ, ವಸತಿ, ಕೆಲಸದ ವೇಳೆ ಎಲ್ಲವೂ ಬರವಣಿಗೆಯಲ್ಲಿರಲಿ. ಅಂಕಪಟ್ಟಿಯ ಮೂಲ ಪ್ರತಿ ಮಧ್ಯವರ್ತಿಯ ಕೈಸೇರದಿರಲಿ. ಪದವಿಪತ್ರಕ್ಕೆ ಬೇಕಾಗುವ 'ಅಪಾಸ್ಟಿಲ್' ದೃಢೀಕರಣವನ್ನು ಕೊಡುವುದು ನಮ್ಮ ವಿದೇಶಾಂಗ ಸಚಿವಾಲಯವೇ.

ಇಷ್ಟೆಲ್ಲ ಓಡಾಡುವ ಮುನ್ನ ಒಂದು ಸುಲಭದ ಪರೀಕ್ಷೆ ಇದೆ. ಓಣಿಯ ಐದಾರು ಮಕ್ಕಳನ್ನು ಕೂಡಿಸಿಕೊಂಡು ಮೂರು ತಿಂಗಳು ಇಂಗ್ಲಿಷ್ ಪಾಠ ಹೇಳಲಿ. ಆ ಮಕ್ಕಳು ನಾಲ್ಕನೆಯ ತಿಂಗಳೂ ತಾವಾಗಿ ಬಂದು ಕೂತರೆ, ಮಗಳು ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು.