ತಿದ್ದುವ ಯಂತ್ರವೇ ತಪ್ಪಿದಾಗ

ನಕ್ಷತ್ರದ ಜಾಡು ಹಿಡಿದ ದೂರದರ್ಶಕ ಸಮವೇಗದಲ್ಲಿ ತಿರುಗುತ್ತಲೇ ಇರಬೇಕು. ವೇಗ ತುಸು ಹೆಚ್ಚುಕಡಿಮೆಯಾದರೂ ನಕ್ಷತ್ರ ಕಣ್ಣಿನಿಂದ ಜಾರಿಹೋಗುತ್ತದೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿ ಇದಕ್ಕೆ ‘ಗವರ್ನರ್’ ಎಂಬ ವೇಗನಿಯಂತ್ರಕವನ್ನು ನೆಚ್ಚಿಕೊಂಡ. ಜೇಮ್ಸ್ ವಾಟ್ 1788ರಲ್ಲಿ ಹಬೆಯಂತ್ರಕ್ಕೆ ಜೋಡಿಸಿದ್ದ ಸಾಧನದ ಬಳಗದ್ದೇ ಅದು. ವಾಟ್‌ನ ಗವರ್ನರಿನಲ್ಲಿ ವೇಗ ಏರಿದರೆ ತಿರುಗುವ ಎರಡು ಗುಂಡುಗಳು ಹೊರಕ್ಕೆ ಚಾಚಿ ಹಬೆಯನ್ನು ತಗ್ಗಿಸುತ್ತವೆ, ಇಳಿದರೆ ಒಳಸರಿದು ಹೆಚ್ಚಿಸುತ್ತವೆ. ಆದರೆ ಏರಿಯ ಯಂತ್ರ ಹಿಡಿತ ತಪ್ಪಿ ಓಲಾಡತೊಡಗಿತು. ತಪ್ಪು ಗವರ್ನರಿಗೆ ತಿಳಿಯಲು, ತಿದ್ದುಪಡಿ ಚಕ್ರಕ್ಕೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ವೇಗ ಬದಲಾಗಿದ್ದರೆ ತಿದ್ದುಪಡಿಯೇ ಹೊಸ ತಪ್ಪು. ಏರಿ 1840ರಲ್ಲಿ ಈ ಓಲಾಟವನ್ನು ಸಮೀಕರಣಕ್ಕಿಳಿಸಿದ.

1868ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ‘ಆನ್ ಗವರ್ನರ್ಸ್’ ಎಂಬ ಪ್ರಬಂಧ ಬರೆದ. ಯಂತ್ರದ ಸಮೀಕರಣದ ಎಲ್ಲ ಮೂಲಗಳ ನೈಜ ಭಾಗವೂ ಋಣವಾಗಿದ್ದರೆ ಓಲಾಟ ತಾನಾಗಿ ಅಡಗುತ್ತದೆ, ಒಂದರದ್ದು ಧನವಾದರೂ ಬೆಳೆಯುತ್ತ ಹೋಗುತ್ತದೆ. ಕಬ್ಬಿಣ ಎರಕ ಹೊಯ್ಯುವ ಮುಂಚೆಯೇ ಯಂತ್ರದ ಸ್ವಭಾವವನ್ನು ಕಾಗದದ ಮೇಲೆ ಓದಬಹುದೆಂದಾಯಿತು. ಈ ಕಥೆಯ ಅತಿ ದೊಡ್ಡ ಹೆಜ್ಜೆ ಇದೇ ಎಂದು ನನ್ನ ನಂಬಿಕೆ. ಆದರೆ ಸಮೀಕರಣ ದೊಡ್ಡದಾದಂತೆ ಮೂಲ ಹುಡುಕುವುದು ಕಷ್ಟ. ಕೇಂಬ್ರಿಜ್‌ನ 1854ರ ಗಣಿತ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್‌ನನ್ನು ಎರಡನೇ ಸ್ಥಾನಕ್ಕೆ ತಳ್ಳಿದ್ದ ಎಡ್ವರ್ಡ್ ರೌತ್, ಮೂಲಗಳನ್ನು ಬಿಡಿಸದೆಯೇ ಉತ್ತರ ಹೇಳುವ ಪಟ್ಟಿಯನ್ನು 1877ರಲ್ಲಿ ಕೊಟ್ಟ.

ಹದಿನಾರಕ್ಕೇ ಶಾಲೆ ಬಿಟ್ಟ ಟೆಲಿಗ್ರಾಫ್ ನೌಕರ ಆಲಿವರ್ ಹೆವಿಸೈಡ್ ಇನ್ನೂ ಧೈರ್ಯಶಾಲಿ. ‘ಕಾಲದೊಡನೆ ಬದಲಾಗುವ ದರ’ವನ್ನು ಒಂದೇ ಅಕ್ಷರವಾಗಿ ಬರೆದು, ಅದನ್ನು ಮಾಮೂಲಿ ಬೀಜಗಣಿತದಂತೆ ಗುಣಿಸಿ ಭಾಗಿಸಿದ. ಗಣಿತಜ್ಞರು ಒಪ್ಪಲಿಲ್ಲ, ಲೆಕ್ಕ ಮಾತ್ರ ಸರಿ ಬರುತ್ತಿತ್ತು. ಮುಂದೆ ಲಾಪ್ಲಾಸ್ ರೂಪಾಂತರ ಅದಕ್ಕೆ ಗಟ್ಟಿ ತಳಪಾಯ ಒದಗಿಸಿತು. ಟ್ರಾನ್ಸ್‌ಫರ್ ಫಂಕ್ಷನ್ ಹುಟ್ಟಿದ್ದು ಇಲ್ಲಿಂದ: ಆರಂಭದಲ್ಲಿ ಎಲ್ಲವೂ ನಿಶ್ಚಲವಾಗಿತ್ತೆಂದು ಹಿಡಿದು, ಹೊರಬಂದದ್ದರ ರೂಪಾಂತರವನ್ನು ಒಳಹೋದದ್ದರ ರೂಪಾಂತರದಿಂದ ಭಾಗಿಸುವುದು. ಛೇದ ಸೊನ್ನೆಯಾಗುವ ಬಿಂದುಗಳೇ ‘ಪೋಲ್’ಗಳು. ಮ್ಯಾಕ್ಸ್‌ವೆಲ್ ಹುಡುಕಿದ ಮೂಲಗಳೂ ಇವೇ.

ಈ ಗಣಿತದ ಬೆಲೆ ತಿಳಿದದ್ದು ಟೆಲಿಫೋನಿನಿಂದ. ದೂರದ ತಂತಿಗಳಲ್ಲಿ ಸಾಲುಸಾಲಾಗಿ ಕೂರಿಸಿದ ಆಂಪ್ಲಿಫೈಯರುಗಳು ಮಾತನ್ನು ಕೆಡಿಸುತ್ತಿದ್ದವು. 1927ರ ಆಗಸ್ಟ್ 2ರಂದು ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲಾಕ್ ಹಡ್ಸನ್ ನದಿಯ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತ, ಕೈಯಲ್ಲಿದ್ದ ದಿನಪತ್ರಿಕೆಯ ಹಾಳೆಯ ಮೇಲೆ ಪರಿಹಾರ ಗೀಚಿದ: ಹೊರಬಂದ ಸಂಕೇತದ ಚೂರನ್ನು ಹಿಂದಕ್ಕೆ ತಂದು ಒಳಸಂಕೇತದಿಂದ ಕಳೆಯುವುದು. ಆಂಪ್ಲಿಫೈಯರಿನ ವರ್ಧನೆ 1,00,000 ಇದ್ದು ನೂರನೇ ಒಂದು ಭಾಗ ಹಿಂದಿರುಗಿದರೆ ಒಟ್ಟು ವರ್ಧನೆ 1,00,000 ಭಾಗಿಸು 1,001, ಅಂದರೆ 99.9. ವಾಲ್ವ್ ಹಳತಾಗಿ ವರ್ಧನೆ 50,000ಕ್ಕೆ ಕುಸಿದರೂ ಒಟ್ಟು 99.8! ಅಷ್ಟು ಕಷ್ಟಪಟ್ಟು ಗಳಿಸಿದ ವರ್ಧನೆಯನ್ನು ಚೆಲ್ಲುವುದೇಕೆಂದು ಅನುಮಾನಿಸಿದವರಿಗೆ ಈ ಭಾಗಾಕಾರವೇ ಉತ್ತರ. ಪೇಟೆಂಟ್ ಸಿಗಲು ಒಂಬತ್ತು ವರ್ಷ ಮೀರಿತು.

ಆದರೆ ಹಿಂದಿರುಗುವ ಸಂಕೇತ ತಡವಾದರೆ ಆಂಪ್ಲಿಫೈಯರ್ ತಾನೇ ಕಿರುಚತೊಡಗುತ್ತದೆ. ಏರಿಯ ದೂರದರ್ಶಕದ ರೋಗವೇ ಇದು. ಬ್ಲಾಕ್‌ನ ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ 1932ರಲ್ಲಿ ಇದಕ್ಕೊಂದು ಪರೀಕ್ಷೆ ಕೊಟ್ಟ. ಸಂಕೇತ ಹಿಂದಿರುಗುವ ಸುತ್ತನ್ನು ಒಂದೆಡೆ ಬಿಡಿಸಿ, ಬೇರೆ ಬೇರೆ ಆವರ್ತನದ ಅಲೆಗಳನ್ನು ಕಳಿಸಿ, ಎಷ್ಟು ಬಲವಾಗಿ, ಎಷ್ಟು ತಡವಾಗಿ ಬಂದವೆಂದು ಅಳೆದು ವಕ್ರರೇಖೆ ಎಳೆದರಾಯಿತು. ಅದು ಒಂದು ನಿಶ್ಚಿತ ಬಿಂದುವನ್ನು ಸುತ್ತುವರಿಯುತ್ತದೆಯೋ ಇಲ್ಲವೋ ನೋಡಿ ತೀರ್ಪು ಹೇಳಬಹುದು, ಸಮೀಕರಣ ಗೊತ್ತಿರಲೇಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳತ್ತ ತಿರುಗುವ ಫಿರಂಗಿಗಳನ್ನು ಹತೋಟಿಗೆ ತರಲು ಎಂಜಿನಿಯರುಗಳು ಕೈಗೆತ್ತಿಕೊಂಡದ್ದು ಟೆಲಿಫೋನಿನವರ ಈ ವಿಧಾನಗಳನ್ನೇ.