ನಿಮಗಿದು ಗೊತ್ತೆ? ಹುಡುಗರೇ ನಾಯಕರಾದ ಶಿಬಿರ

ಸ್ಕೌಟ್ ಚಳವಳಿಗೆ ನಾಂದಿಯಾದ ಶಿಬಿರ ನಡೆದದ್ದು 1907ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ. ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ತೋಳ, ಗೂಳಿ, ಕಾಗೆ ಮತ್ತು ಕರ್ಲ್ಯೂ ಹಕ್ಕಿಯ ಹೆಸರಿನ ನಾಲ್ಕು ತಂಡ ಮಾಡಿ, ಪ್ರತಿ ತಂಡದಲ್ಲೂ ದೊಡ್ಡವನನ್ನು ನಾಯಕನನ್ನಾಗಿಸಿದರು. ತಂಡದ ನಡತೆಗೆಲ್ಲ ಅವನೇ ಹೊಣೆ. ಸರದಿಯಂತೆ ಒಂದೊಂದು ರಾತ್ರಿ ಒಂದೊಂದು ತಂಡ ಹಿಟ್ಟು, ಆಲೂಗಡ್ಡೆ, ಮಾಂಸ, ಚಹಾಪುಡಿ ಹೊತ್ತು ದೂರ ಹೋಗಿ, ತಾನೇ ಬೇಯಿಸಿಕೊಂಡು, ಕಾವಲು ಕಾಯುತ್ತಿತ್ತು. ಯುದ್ಧ ಕಂಡಿದ್ದ 50ರ ಪೊವೆಲ್, ಎದುರು ತಂಡಗಳ ನಾಯಕರೊಡನೆ ಕತ್ತಲಲ್ಲಿ ಬಂದು ಕಾವಲು ಎಷ್ಟು ಬಿಗಿಯಾಗಿದೆಯೆಂದು ನೋಡುತ್ತಿದ್ದರು. ಹೇಳಿಕೊಟ್ಟು ಪಕ್ಕಕ್ಕೆ ಸರಿದು ನಿಲ್ಲುವುದು ಹಿರಿಯರಿಗೆ ನಿಜಕ್ಕೂ ಕಷ್ಟದ ಕೆಲಸ! ಇಂದಿಗೂ ಸ್ಕೌಟ್ ದಳದ ‘ಕೋರ್ಟ್ ಆಫ್ ಆನರ್’ ಸಭೆಯಲ್ಲಿ ತೀರ್ಮಾನ ತಂಡನಾಯಕರದು. ಸ್ಕೌಟ್ ಮಾಸ್ಟರ್ ಅಲ್ಲಿ ಸಲಹೆಗಾರ.